ನಲವತ್ತೆಂಟು ಹಲ್ಲಿನ ಅಪ್ಪ

ನಮ್ಮಪ್ಪನ ಬಾಯಲ್ಲಿ ಈಗ ಉಳಿದಿರುವ ಹಲ್ಲು ಹನ್ನೊಂದು. ಅವನ ಬೈಕಿನ ಹಿಂದಿನ ಸ್ಪ್ರಾಕೆಟ್ಟಿನಲ್ಲಿ ನಲವತ್ತೆಂಟು. ಬಾಯಿಯ ಹಲ್ಲುಗಳು ಒಂದೊಂದಾಗಿ ಕಳಚಿಕೊಂಡು ಹೋದರೂ ಬೈಕಿನ ಹಲ್ಲುಗಳಲ್ಲಿ ಒಂದನ್ನೂ ಹೆಚ್ಚು ಕಡಿಮೆ ಮಾಡಲು ಅವನು ಯಾರಿಗೂ ಬಿಟ್ಟವನಲ್ಲ. ಅದಕ್ಕೇ ನಮ್ಮ ಬೈಕ್ ಕ್ಲಬ್ಬಿನಲ್ಲಿ ಅವನ ಹೆಸರೇ ನಲವತ್ತೆಂಟು. ಮನೆಗೆ ಫೋನ್ ಮಾಡುವವರೂ ‘ನಲವತ್ತೆಂಟು ಇದ್ದಾರಾ’ ಎಂದೇ ಕೇಳುತ್ತಾರೆ. ಅಮ್ಮ ‘ಊಟ ಮಾಡ್ತಿದೆ’ ಎಂದು ಹೇಳಿ ಇಟ್ಟುಬಿಡುತ್ತಾಳೆ.

ಈ ಹಲ್ಲುಗಳ ವಿಷಯ ಗೊತ್ತಿಲ್ಲದವರಿಗೆ ಎರಡು ಮಾತು. ಬೈಕಿನ ಚೈನು ಎರಡು ಹಲ್ಲುಗಾಲಿಗಳ, ಅಂದರೆ ಸ್ಪ್ರಾಕೆಟ್ಟುಗಳ, ನಡುವೆ ಓಡುತ್ತದೆ. ಎಂಜಿನ್ ಪಕ್ಕದಲ್ಲಿ, ಮುಚ್ಚಳದೊಳಗೆ, ಚಿಕ್ಕದೊಂದು. ಹಿಂದಿನ ಚಕ್ರಕ್ಕೆ ಅಂಟಿಕೊಂಡಂತೆ ದೊಡ್ಡದೊಂದು. ಹಿಂದಿನದನ್ನು ಇನ್ನೂ ದೊಡ್ಡದು ಮಾಡಿದರೆ, ಇಲ್ಲವೇ ಮುಂದಿನದನ್ನು ಇನ್ನೂ ಚಿಕ್ಕದು ಮಾಡಿದರೆ, ಗಾಡಿಗೆ ಎಳೆತ ಹೆಚ್ಚು, ಓಟ ಕಡಿಮೆ. ಅದಕ್ಕೆ ಉಲ್ಟಾ ಮಾಡಿದರೆ ಬಯಲಿನಲ್ಲಿ ಹಾರುತ್ತದೆ, ದಿಬ್ಬ ಕಂಡ ಕೂಡಲೇ ಏದುಸಿರು ಬಿಡುತ್ತದೆ. ಇಷ್ಟೇ ಶಾಸ್ತ್ರ. ಆದರೆ ಬೇರೆಯವರ ಮಕ್ಕಳನ್ನು ಹೇಗೆ ಬೆಳೆಸಬೇಕು ಎಂಬುದನ್ನು ಬಿಟ್ಟರೆ ಇಷ್ಟು ಧಾರಾಳವಾಗಿ ಪುಕ್ಕಟೆ ಸಲಹೆ ಸಿಗುವ ಇನ್ನೊಂದು ವಿಷಯವನ್ನು ನಾನು ಕಂಡಿಲ್ಲ.

ಆ ಸಲಹೆಯನ್ನು ಪುಕ್ಕಟೆಯಲ್ಲದೆ ಕೊಡುವುದು ನಮ್ಮ ಮನೆಯ ಕಸುಬು. ಮುಂದಿನ ಕೋಣೆಯಲ್ಲಿ ಅಮ್ಮನ ಹೊಲಿಗೆ ಮೆಷಿನ್ನು, ಅದರ ಪಕ್ಕದ ಬಾಗಿಲು ತೆರೆದರೆ ಗ್ಯಾರೇಜು. ಅಮ್ಮ ಹೊಲಿದ ರವಿಕೆಗಳಲ್ಲಿ ಸ್ವಲ್ಪ ಗ್ರೀಸ್ ವಾಸನೆ, ನಾವು ಬಿಚ್ಚಿದ ಎಂಜಿನ್ನುಗಳಲ್ಲಿ ಒಂದೊಂದು ಗುಂಡಿ. ಎಡಗಾಲಿನ ಮಂಡಿ ಕೆಟ್ಟಮೇಲೆ ಅಪ್ಪ ಗ್ಯಾರೇಜನ್ನು ನನಗೆ ಬಿಟ್ಟುಕೊಟ್ಟ. ಬಾಯಿಯನ್ನು ಮಾತ್ರ ತನ್ನ ಹತ್ತಿರವೇ ಇಟ್ಟುಕೊಂಡ. ಬಾಗಿಲ ಬಳಿ ಹಳೇ ಟೈರಿನ ಮೇಲೆ ಕೂತು, ನಾನು ಬಿಗಿಮಾಡಿದ ಪ್ರತಿಯೊಂದು ನಟ್ಟಿಗೂ ಒಂದೊಂದು ‘ಹೂಂ’ ಹಾಕುತ್ತಾನೆ. ಅವನ ಹೂಂಗಳಲ್ಲಿ ಯಾವುದು ಹೊಗಳಿಕೆ, ಯಾವುದು ಬೈಗುಳ ಎಂದು ಗಿರಾಕಿಗಳಿಗೂ ಗೊತ್ತು.

ಯಾರಿಗಾದರೂ ಹಲ್ಲು ಆರಿಸಬೇಕಾದರೆ ಅಪ್ಪ ಕಾಗದ ಪೆನ್ನು ಹಿಡಿಯುವವನಲ್ಲ. ಸವಾರನನ್ನು ದಿಬ್ಬಕ್ಕೆ ಕರೆದುಕೊಂಡು ಹೋಗಿ ಜೊತೆಯಲ್ಲಿ ನಡೆದು ಹತ್ತುತ್ತಿದ್ದ. ಗಂಡಾಗಲಿ ಹೆಣ್ಣಾಗಲಿ ತನಗೆ ಏದುಸಿರು ಬಂತೆಂದು ಯಾರೂ ಒಪ್ಪಿಕೊಳ್ಳುವುದಿಲ್ಲ. ಎಲ್ಲೋ ಒಂದು ಕಡೆ ನಿಂತು, ಅಬ್ಬಾ ಆ ಹಕ್ಕಿ ನೋಡಿ ಎನ್ನುತ್ತಾರೆ. ಎಲ್ಲಿ ಹಕ್ಕಿ ಕಾಣಿಸಿತೋ ಅಲ್ಲಿಗೆ ಸವಾರನ ಧೈರ್ಯ ಮುಗಿಯಿತು, ಗಾಡಿಯ ಮೇಲೆ ಕೂತಾಗಲೂ ಅಲ್ಲೇ ಅವನ ಕೈ ಸಡಿಲವಾಗುತ್ತದೆ, ಆ ಜಾಗದಲ್ಲಿ ಗಾಡಿ ತಾನಾಗಿಯೇ ಎಳೆಯುವ ಹಾಗೆ ಹಲ್ಲು ಕೂರಿಸಬೇಕು ಎನ್ನುವುದು ಅಪ್ಪನ ಸಿದ್ಧಾಂತ. ಸ್ಪರ್ಧೆಯ ದಿನ ಹಲ್ಲು ಆರಿಸಿದವರು ಅದೇ ಜಾಗದಲ್ಲಿ ನಿಂತಿರಬೇಕು ಎನ್ನುವುದು ಕ್ಲಬ್ಬಿನ ರೂಢಿ. ಆಯ್ಕೆ ಸರಿಯಿದ್ದರೆ ಸವಾರ ನಮ್ಮ ಮುಖಕ್ಕೆ ಧೂಳು ಹಾರಿಸಿಕೊಂಡು ಹೋಗುತ್ತಾನೆ. ತಪ್ಪಿದ್ದರೆ ನಮ್ಮ ಕಾಲಬುಡದಲ್ಲೇ ಬಿದ್ದು ನಮ್ಮ ವಂಶದವರನ್ನೆಲ್ಲ ಒಬ್ಬೊಬ್ಬರಾಗಿ ನೆನೆಯುತ್ತಾನೆ.

ದಿಬ್ಬವೆಂದರೆ ಊರಾಚೆ ಮುಚ್ಚಿಹೋದ ಕಲ್ಲು ಕ್ವಾರಿಯವರು ಪುಡಿಗಲ್ಲು ಸುರಿದು ಸುರಿದು ಎಬ್ಬಿಸಿದ ಗುಡ್ಡೆ. ಎಷ್ಟು ಮಾಡಿದರೂ ಸಮಾಧಾನವಿಲ್ಲ ಎಂಬ ಕಾರಣಕ್ಕೆ ಅದಕ್ಕೆ ‘ಬೀಗರ ದಿಬ್ಬ’ ಎಂದು ಹೆಸರು. ವರ್ಷಕ್ಕೊಮ್ಮೆ ಕ್ಲಬ್ಬಿನವರು ಅದನ್ನು ಹತ್ತುತ್ತಾರೆ. ಹೊತ್ತಿನ ಲೆಕ್ಕವಿಲ್ಲ, ನಿಲ್ಲದೆ, ಬೀಳದೆ, ಬೇರೆ ಯಾರ ಕೈಯೂ ತಾಗದೆ ತುದಿ ಮುಟ್ಟಿದರಾಯಿತು. ಎರಡು ವರ್ಷ ಸಾಲಾಗಿ ತುದಿ ಮುಟ್ಟದವರಿಗೆ ಮುಂದೆ ಸವಾರಿಯಿಲ್ಲ. ದಿಬ್ಬದ ಬುಡದಲ್ಲಿ ಒಂದು ಮಡಚುವ ಕುರ್ಚಿ ಹಾಕಿ, ಕೈಗೆ ಬಾವುಟ ಕೊಟ್ಟು ಕೂರಿಸುತ್ತಾರೆ. ಅದು ಶಿಕ್ಷೆಯಲ್ಲವಂತೆ, ಗೌರವವಂತೆ. ಗೌರವ ಎಂದು ಹೇಳಿ ಕೊಡುವುದನ್ನು ಎರಡು ಸಲ ತಿರುಗಿಸಿ ನೋಡಬೇಕು ಎಂದು ನನಗೆ ಕಲಿಸಿದವನೇ ಅಪ್ಪ.

ಹೋದ ವರ್ಷ ಅಪ್ಪ ಬಿದ್ದ. ಬೈಕಿನಲ್ಲಿ ಗೇರು ಏರಿಸಬೇಕಾದರೆ ಎಡಗಾಲಿನ ಬೆರಳನ್ನು ಲಿವರಿನ ಕೆಳಗೆ ತೂರಿಸಿ ಮೇಲಕ್ಕೆತ್ತಬೇಕು. ಅಪ್ಪನ ಮಂಡಿ ಎತ್ತಲು ಒಪ್ಪಲಿಲ್ಲ. ಎಂಜಿನ್ ಅರಚಿತು, ಗಾಡಿ ನಿಂತಿತು, ಹಿಂದಕ್ಕೆ ಜಾರಿತು, ಅಪ್ಪ ಒಂದು ಕಡೆ, ಗಾಡಿ ಒಂದು ಕಡೆ. ಏಟೇನೂ ಆಗಲಿಲ್ಲ. ಆದರೆ ಕ್ಲಬ್ಬಿನವರೆಲ್ಲ ಓಡಿಬಂದು, ಪಿಂಗಾಣಿ ಪಾತ್ರೆ ಎತ್ತುವ ಹಾಗೆ ಅವನನ್ನು ಎತ್ತಿ, ಧೂಳು ಒರೆಸಿ, ನಿಮ್ಮ ವಯಸ್ಸಿಗೆ ಇಷ್ಟು ಹತ್ತಿದ್ದೇ ದೊಡ್ಡದು ಎಂದರು. ನಕ್ಕಿದ್ದರೆ ಅಪ್ಪ ನಾಲ್ಕು ಬೈದು ಮರೆಯುತ್ತಿದ್ದ. ಆ ಕನಿಕರ ಅವನಿಗೆ ಇವತ್ತಿಗೂ ಅರಗಿಲ್ಲ.

ಹಾಗಾಗಿ ಈ ವರ್ಷ ಹತ್ತಲೇಬೇಕಿತ್ತು. ಹತ್ತದಿದ್ದರೆ ಕುರ್ಚಿ, ಬಾವುಟ. ನಾನು ಯೋಚಿಸಿ ಒಂದು ದಾರಿ ಕಂಡುಕೊಂಡೆ. ಕಾಲಿನಿಂದ ಗೇರು ಎತ್ತಲು ಆಗದಿದ್ದರೆ ಎತ್ತುವುದೇ ಬೇಡ. ಕೆಳಗೆ ನಿಂತಿರುವಾಗಲೇ ಬಗ್ಗಿ, ಕೈಯಿಂದ ಎರಡನೇ ಗೇರಿಗೆ ಹಾಕಿಕೊಂಡು, ತುದಿಯವರೆಗೆ ಅದೊಂದರಲ್ಲೇ ಹೋದರಾಯಿತು. ಆದರೆ ನಲವತ್ತೆಂಟು ಹಲ್ಲಿನಲ್ಲಿ ಎರಡನೇ ಗೇರು ಅರ್ಧ ದಿಬ್ಬದಲ್ಲಿ ಉಸಿರುಗಟ್ಟುತ್ತದೆ. ಹಿಂದೆ ಐವತ್ತೆರಡು ಹಾಕೋಣ ಎಂದೆ.

ಅಪ್ಪ ನನ್ನನ್ನು ನೋಡಿದ ನೋಟ ಹೇಗಿತ್ತೆಂದರೆ, ಅವನಿಗೆ ಊರುಗೋಲು ಕೊಡಿಸುತ್ತೇನೆ ಅಂದಿದ್ದೆನೇನೋ ಅನ್ನುವಂತಿತ್ತು. ದೊಡ್ಡ ಸ್ಪ್ರಾಕೆಟ್ಟನ್ನು ಅವನು ಯಾವತ್ತೂ ಕರೆಯುವುದು ‘ಊಟದ ತಟ್ಟೆ’ ಎಂದು. ತಟ್ಟೆ ಹಾಕಿಸಿಕೊಂಡವರನ್ನು ಇಡೀ ಕ್ಲಬ್ಬು ತಟ್ಟೆಯನ್ನೇ ಕೈಬಿಡುವಷ್ಟು ಆಡಿಕೊಂಡಿದ್ದಾನೆ.

“ನನ್ನ ಗಾಡಿಗೆ ತಟ್ಟೆ ಹಾಕೋದಾದ್ರೆ ಪಕ್ಕದಲ್ಲಿ ಒಂದು ಚಮಚಾನೂ ಕಟ್ಟು” ಅಂದ. “ಎಲ್ರೂ ನೋಡ್ಲಿ.”

ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವನ ಹತ್ತಿರ ನಾಲ್ಕನೇ ಕಾಲಿನ ಮಾತೆತ್ತಿ ಪ್ರಯೋಜನವಿಲ್ಲ. ನಾನು ಅವನ ಶಾಸ್ತ್ರವನ್ನೇ ಅವನ ಮುಂದೆ ಹಿಡಿದೆ. ಎಲ್ಲರನ್ನೂ ದಿಬ್ಬ ನಡೆಸಿದವನು ನೀನು, ಈ ಸಲ ನನ್ನ ಜೊತೆ ನಡಿ, ಹಕ್ಕಿ ಕಾಣದಿದ್ದರೆ ನಲವತ್ತೆಂಟನ್ನೇ ಇಟ್ಟುಕೋ ಎಂದೆ. ಅವನು ಬೇಡವೆನ್ನಲು ಬಾಯಿ ತೆರೆದ. ಮೆಷಿನ್ನಿನ ಹಿಂದಿನಿಂದ ಅಮ್ಮ, ಹೆದರಿದ್ರೆ ಬಿಡಿ ಪಾಪ, ಎಂದು ದಾರ ಪೋಣಿಸುತ್ತಲೇ ಹೇಳಿದಳು. ಅಪ್ಪ ಚಪ್ಪಲಿ ಮೆಟ್ಟಿಕೊಂಡ.

ದಿಬ್ಬದ ಬುಡದಿಂದ ಅವನು ಬಿರಬಿರನೆ ಹೊರಟ. ಮಾತೇ ಮಾತು. ಈ ಕಲ್ಲು ಜಾರುತ್ತೆ, ಆ ಕಲ್ಲು ನಂಬು, ಇಲ್ಲಿ ಎಡಕ್ಕೆ ವಾಲು. ಬರಬರುತ್ತ ವಾಕ್ಯಗಳು ಚಿಕ್ಕದಾದವು. ಆಮೇಲೆ ಬರೀ ಎಡ, ಬಲ. ಆಮೇಲೆ ಅದೂ ಇಲ್ಲ. ಅರ್ಧಕ್ಕೂ ಬಂದಿರಲಿಲ್ಲ, ಸಡಿಲ ಚಕ್ಕೆಗಲ್ಲಿನ ಒಂದು ಪಟ್ಟೆ ಸಿಗುತ್ತದಲ್ಲ, ಅಲ್ಲಿ ನಿಂತ. ಸೊಂಟಕ್ಕೆ ಕೈಕೊಟ್ಟು ಆಕಾಶ ಹುಡುಕಿದ. ನಾನು ಮನಸ್ಸಿನಲ್ಲೇ, ಬೇಡಪ್ಪಾ, ಹೇಳಬೇಡ ಎಂದುಕೊಂಡೆ.

“ಅಲ್ನೋಡು” ಅಂದ. “ಕಾಗೆ.”

ಕಾಗೆ. ಅದನ್ನೂ ಯಾರಾದರೂ ನಿಂತು ತೋರಿಸುತ್ತಾರೆಯೇ. ಬೇರೆ ಯಾರಾದರೂ ಆಗಿದ್ದರೆ ನಾನು ಬಿದ್ದು ಬಿದ್ದು ನಗುತ್ತಿದ್ದೆ, ಕ್ಲಬ್ಬಿಗೆಲ್ಲ ಡಂಗುರ ಹೊಡೆಯುತ್ತಿದ್ದೆ. ಹೌದಪ್ಪಾ, ಚೆನ್ನಾಗಿದೆ ಎಂದೆ. ಇಬ್ಬರೂ ಬಹಳ ಹೊತ್ತು ಆ ಕಾಗೆಯನ್ನು ನೋಡಿದೆವು. ಅದಕ್ಕೂ ಮುಜುಗರವಾಗಿರಬೇಕು, ಹಾರಿಹೋಯಿತು. ನನಗೆ ಅವನ ಮೇಲೆ ಸಿಟ್ಟು ಬಂತು, ಯಾಕೆಂದು ಆಗ ಕೇಳಿದ್ದರೆ ಹೇಳಲು ಬರುತ್ತಿರಲಿಲ್ಲ. ಇಳಿದು ಬರುವಾಗ ಅವನು, ನೋಡಿದ್ಯಲ್ಲ, ನಲವತ್ತೆಂಟೇ ಸಾಕು ಎಂದ.

ಹಿಂದಿನ ಹಲ್ಲು ಎಲ್ಲರ ಕಣ್ಣಿಗೂ ಬೀಳುತ್ತದೆ, ಮುಂದಿನದು ಮುಚ್ಚಳದೊಳಗಿನ ಗುಟ್ಟು. ಅದರಲ್ಲೂ ಮುಂದೆ ಒಂದು ಹಲ್ಲು ಕಳೆದರೆ ಹಿಂದೆ ಮೂರೂವರೆ ಕೂಡಿಸಿದ ಹಾಗೆ. ಅಪ್ಪ ಕ್ಷೌರಕ್ಕೆ ಹೋದ ದಿನ ನಾನು ಮುಚ್ಚಳ ಬಿಚ್ಚಿದೆ. ನಟ್ಟು ಸಡಿಲಿಸುವಾಗ ಚಕ್ರ ತಿರುಗದಂತೆ ಯಾರಾದರೂ ಬ್ರೇಕ್ ಒತ್ತಿ ಹಿಡಿಯಬೇಕು, ಅದಕ್ಕೆ ಅಮ್ಮನನ್ನು ಕರೆದೆ. ಅವಳು ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡೇ ಬಂದು ಒತ್ತಿದಳು. ಹದಿನಾಲ್ಕನ್ನು ತೆಗೆದು ಹದಿಮೂರು ಕೂರಿಸಿ, ಚೈನು ಬಿಗಿಮಾಡಿ, ಮುಚ್ಚಳದ ಮೇಲೆ ಮೊದಲಿದ್ದಷ್ಟೇ ಧೂಳು ಸವರಿದೆ. ಅಪ್ಪನಿಗೆ ಹೇಳಬೇಡ ಎಂದೆ. ಅಮ್ಮ ಸರಿ ಎಂದಳು. ಹಿಂದಿನ ಬೀದಿಯ ಏರಿನಲ್ಲಿ ನಾನೇ ಓಡಿಸಿ ನೋಡಿದೆ. ಎರಡನೇ ಗೇರು ಹಾಲು ಕರೆದಷ್ಟು ಸಲೀಸಾಗಿ ಎಳೆಯಿತು. ನನ್ನ ಬುದ್ಧಿಗೆ ನಾನೇ ಬೆನ್ನು ತಟ್ಟಿಕೊಂಡೆ.

ಸ್ಪರ್ಧೆಯ ದಿನ ಗಿರಾಕಿಗಳ ಗಾಡಿಗಳನ್ನು ನೋಡಿಕೊಳ್ಳಲು ನಾನು ಬೆಳಿಗ್ಗೆ ಬೇಗನೆ ದಿಬ್ಬಕ್ಕೆ ಹೋದೆ. ಅಪ್ಪ, ಅಮ್ಮ ಪಕ್ಕದ ಮನೆಯವರ ಪಿಕಪ್ಪಿನಲ್ಲಿ ಬೈಕು ಹಾಕಿಕೊಂಡು ಆಮೇಲೆ ಬಂದರು. ಗಾಡಿಯ ಹಿಂದಿನ ಚಕ್ರಕ್ಕೆ ಹಲ್ಲು, ಚೈನು ಒಂದೂ ಕಾಣದ ಹಾಗೆ ಕೆಸರು ಮೆತ್ತಿತ್ತು. ಮಳೆ ಬಂದು ತಿಂಗಳಾಗಿದೆ, ಇದೆಲ್ಲಿಯ ಕೆಸರು ಎಂದು ಅಪ್ಪನನ್ನು ಕೇಳಿದೆ. ಮನೆ ಹಿಂದಿನ ಚರಂಡಿಯಲ್ಲಿ ಒಂದು ಸುತ್ತು ಅಭ್ಯಾಸ ಮಾಡಿದೆ ಎಂದ. ಹುಮ್ಮಸ್ಸು ಬಂದಿದೆಯಲ್ಲ ಎಂದು ನನಗೆ ಖುಷಿಯಾಯಿತು. ಅಮ್ಮ ಫ್ಲಾಸ್ಕಿನಿಂದ ಚಹಾ ಬಗ್ಗಿಸಿಕೊಂಡು ನಮ್ಮಿಬ್ಬರನ್ನೂ ಒಂದು ಸಲ ನೋಡಿದಳು.

ಕ್ಲಬ್ಬಿನ ಕಾರ್ಯದರ್ಶಿಗೆ ನಾವು ಇಟ್ಟ ಹೆಸರು ಪೀಪಿ. ಕೊರಳಲ್ಲಿ ಸದಾ ಒಂದು ಸೀಟಿ ನೇತಾಡುತ್ತದೆ, ಹೆಂಡತಿಯನ್ನು ಕರೆಯಬೇಕಾದರೂ ಊದುತ್ತಾನಂತೆ. ತುದಿಯಲ್ಲಿ ನಿಂತು ಯಾರು ಹತ್ತಿದರು, ಯಾರು ಬಿದ್ದರು ಎಂದು ತೀರ್ಮಾನಿಸುವವನು ಅವನೇ. ಅಪ್ಪನ ಸರದಿ ಬಂದಾಗ ಅವನು ಎಲ್ಲರಿಗಿಂತ ಉದ್ದವಾಗಿ ಊದಿದ. ಅದೂ ಗೌರವವೇ. ನಾನು ರೂಢಿಯಂತೆ ಕಾಗೆಯ ಜಾಗದಲ್ಲಿ, ಚಕ್ಕೆಗಲ್ಲಿನ ಪಟ್ಟೆಯ ಅಂಚಿನಲ್ಲಿ ನಿಂತಿದ್ದೆ. ಕೆಳಗೆ ಅಪ್ಪ ಬಗ್ಗಿ ಕೈಯಿಂದ ಗೇರು ಹಾಕಿಕೊಂಡಿದ್ದು ಕಂಡಿತು.

ಗಾಡಿ ಹೊರಟ ಮೊದಲ ಕ್ಷಣಕ್ಕೇ ನನ್ನ ಕಿವಿ ನೆಟ್ಟಗಾಯಿತು. ಅದು ಎರಡನೇ ಗೇರಿನ ಸದ್ದಲ್ಲ. ಎರಡನೇ ಗೇರು ಗುನುಗಬೇಕು, ಇದು ಬಾಯಿ ಬಡಿದುಕೊಳ್ಳುತ್ತಿತ್ತು. ಬುಡದ ಗಟ್ಟಿ ನೆಲದಲ್ಲಿ ಹೇಗೋ ಏರಿತು. ಪಟ್ಟೆಗೆ ಬಂದದ್ದೇ ತಡ, ಹಿಂದಿನ ಚಕ್ರ ಹಿಡಿತವಿಲ್ಲದೆ ಗರಗರನೆ ತಿರುಗಿ ಕಲ್ಲು ತೂರತೊಡಗಿತು. ಎಳೆತ ಅತಿಯಾದರೂ ಹೀಗೇ. ಚಕ್ರ ನೆಲ ಬಿಟ್ಟು ತನ್ನ ಪಾಡಿಗೆ ತಾನು ಕುಣಿಯುತ್ತದೆ. ಸದ್ದು ಕೇಳಿದರೆ ವಿಮಾನ, ಹೋಗುವುದು ನೋಡಿದರೆ ನಡೆದುಕೊಂಡು ಹೋಗುವವರು ಹಿಂದೆ ಹಾಕಬಹುದು. ಆ ಕುಣಿತಕ್ಕೆ ಕೆಸರೆಲ್ಲ ಹೆಂಟೆಹೆಂಟೆಯಾಗಿ ಹಾರಿಹೋಯಿತು. ಒಳಗಿನಿಂದ, ತೊಳೆದಿಟ್ಟ ಹಾಗೆ ಹೊಳೆಯುತ್ತ, ಐವತ್ತೆರಡು ಹಲ್ಲಿನ ಊಟದ ತಟ್ಟೆ ಹೊರಗೆ ಬಂತು.

ನನಗೆ ಎಲ್ಲವೂ ಒಂದೇ ಸಲ ಅರ್ಥವಾಯಿತು. ನಾನು ಅತ್ತ ಹೋದಮೇಲೆ ಇವನು ಇತ್ತ ಕದ್ದು ತಟ್ಟೆ ಹಾಕಿದ್ದಾನೆ. ನಾನು ಮುಂದೆ ಕಳೆದೆ, ಅವನು ಹಿಂದೆ ಕೂಡಿಸಿದ. ಸಂಜೆ ಅಮ್ಮನನ್ನು ಹಿಡಿದು ಕೇಳಿದೆ, ಅವನು ತಟ್ಟೆ ಬಿಗಿಮಾಡುವಾಗಲೂ ಚಕ್ರ ಹಿಡಿದುಕೊಂಡವಳು ಅವಳೇ. “ನೀನೂ ಹೇಳ್ಬೇಡ ಅಂದೆ, ಅವರೂ ಹೇಳ್ಬೇಡ ಅಂದ್ರು, ನಾನು ಹೇಳ್ಲಿಲ್ಲ” ಅಂದಳು. “ಈ ಮನೇಲಿ ಮಾತು ಉಳಿಸ್ಕೊಂಡೋಳು ನಾನೊಬ್ಳೇ.”

ಇತ್ತ ದಿಬ್ಬದ ಮೇಲೆ ಅಪ್ಪನಿಗೂ ಅಷ್ಟು ಹೊತ್ತಿಗೆ ಏನೋ ಗೊತ್ತಾಗಿರಬೇಕು. ಮೂರನೇ ಗೇರಿಗೆ ಏರಿಸಿದರೆ ಚಕ್ರದ ಕುಣಿತ ಇಳಿದು ಹಿಡಿತ ಸಿಗುತ್ತದೆ, ಅದು ನನಗೂ ಗೊತ್ತು, ಅವನಿಗೂ ಗೊತ್ತು. ಅವನು ಎಡಗಾಲು ಎಳೆದು ಲಿವರಿನ ಕೆಳಗೆ ತೂರಿಸಲು ನೋಡಿದ. ಮಂಡಿ ಮೇಲೆ ಬರಲಿಲ್ಲ. ಇನ್ನೊಮ್ಮೆ ನೋಡಿದ. ಗಾಡಿ ನಿಲ್ಲುವುದಕ್ಕೆ ಇನ್ನೇನು ಒಂದು ಗೇಣು ಇತ್ತು. ನಾನು ಅವನ ಎಡಕ್ಕೆ, ಒಂದು ಕೈ ದೂರದಲ್ಲಿ, ಜೊತೆಜೊತೆಗೆ ನಡೆಯುತ್ತಿದ್ದೆ. ಕೈ ಹಾಕಿದರೆ ಹತ್ತಿದ್ದು ಲೆಕ್ಕಕ್ಕಿಲ್ಲ, ಕುರ್ಚಿ ಗ್ಯಾರಂಟಿ. ಕೈ ಹಾಕದಿದ್ದರೆ ಬೀಳುವುದು ಗ್ಯಾರಂಟಿ, ಆಗಲೂ ಅದೇ ಕುರ್ಚಿ. ಆದರೂ ನನ್ನ ಕೈ ಮುಂದೆ ಬರಲಿಲ್ಲ. ಇವನನ್ನು ಕೇಳದೆ ಸಹಾಯ ಮಾಡಿದ್ದಕ್ಕೇ ಇಷ್ಟಾಗಿದೆಯಲ್ಲ.

ಅಪ್ಪ ತಿರುಗಿ ನನ್ನನ್ನು ನೋಡಿದ. ನನಗೆ ಬುದ್ಧಿ ಬಂದಾಗಿನಿಂದ ಅವನು ಯಾರ ಹತ್ತಿರವೂ ಒಂದು ಸ್ಪ್ಯಾನರು ಎತ್ತಿಕೊಡು ಎಂದೂ ಕೇಳಿದ್ದನ್ನು ನಾನು ಕಂಡಿಲ್ಲ. ಎದ್ದು ಹೋಗಿ ತಾನೇ ತರುತ್ತಿದ್ದ.

“ಎತ್ತೇ ಮಗಳೇ” ಅಂದ. “ನನ್ ಕೈಲಿ ಆಗ್ತಿಲ್ಲ.”

ನಾನು ಬಗ್ಗಿ ಅವನ ಬೂಟಿನ ಮುಂದೆ ಕೈ ಹಾಕಿದೆ. ಅವನು ಕ್ಲಚ್ ಹಿಡಿದ, ನಾನು ಲಿವರು ಎತ್ತಿದೆ, ಅವನು ಬಿಟ್ಟ. ಮೇಲಿನಿಂದ ಪೀಪಿಯ ಸೀಟಿ ಕೇಳಿಸಿತು. ಚಕ್ರ ಒಂದು ಸಲ ತಡವರಿಸಿ ಕಲ್ಲನ್ನು ಕಚ್ಚಿತು, ಗಾಡಿ ನನ್ನ ಕೈಯಿಂದ ಕಿತ್ತುಕೊಂಡು ಹೋಯಿತು. ಸೀಟಿ ಊದಿದರೆ ನಿಲ್ಲಬೇಕೆಂಬ ನಿಯಮವೂ ಉಂಟು. ಅಪ್ಪ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಬಾಯಲ್ಲೆಲ್ಲ ಧೂಳು ತುಂಬಿಕೊಂಡು ನಾನು ಅಲ್ಲೇ ಕೂತೆ. ಅವನು ತುದಿ ದಾಟಿ ಮಾಯವಾಗುವುದನ್ನು ನೋಡಿದೆ. ಅಳು ಬಂತು, ನಗುವೂ ಬಂತು, ಸುತ್ತಲೂ ಯಾರೂ ಇಲ್ಲದ್ದರಿಂದ ಎರಡನ್ನೂ ಮಾಡಿದೆ.

ನಾನು ಹತ್ತಿ ಹೋಗುವಷ್ಟರಲ್ಲಿ ಪೀಪಿ ಅಪ್ಪನ ಕಿವಿಯ ಹತ್ತಿರ ಬಗ್ಗಿ ಪಿಸುಗುಡುತ್ತಿದ್ದ. ಧೂಳು ಬಹಳ ಇತ್ತು, ಯಾರ ಕೈ ಎಲ್ಲಿತ್ತೋ ತನಗೆ ಸರಿಯಾಗಿ ಕಾಣಲಿಲ್ಲ, ಹತ್ತಿದರು ಅಂತಲೇ ಇಟ್ಟುಕೊಳ್ಳೋಣ, ಇಷ್ಟು ವರ್ಷದವರು ನೀವು ಎಂದೆಲ್ಲ ಹೇಳುತ್ತಿದ್ದ. ಅವನು ಕೆಟ್ಟವನಲ್ಲ. ಸುತ್ತ ನಿಂತವರೂ ತಲೆಯಾಡಿಸುತ್ತಿದ್ದರು. ಅಪ್ಪ ಸುಮ್ಮನೆ ಹೂಂ ಅಂದಿದ್ದರೆ ಸಾಕಿತ್ತು, ಮುಂದಿನ ವರ್ಷವೂ ಸವಾರಿ ಅವನದೇ. ಅವನು ಹೂಂ ಅನ್ನುತ್ತಾನೆ ಎಂದೇ ನಾನು ಅಂದುಕೊಂಡೆ, ಅನ್ನಲಿ ಎಂದು ಆಸೆಯನ್ನೂ ಪಟ್ಟೆ.

“ನಿಂಗೆ ಕಾಣ್ಲಿಲ್ವಾ? ನಂಗೆ ಕಾಣ್ತು” ಅಂದ ಅಪ್ಪ. “ನನ್ ಮಗಳು ಎತ್ತಿದ್ಲು. ನಾನೇ ಕರ್ದೆ. ಸರಿಯಾಗಿ ಹೇಳು ಎಲ್ರಿಗೂ, ಆ ಕುರ್ಚಿ ಎಲ್ಲಿದೆ ತೋರ್ಸು.”

ಪೀಪಿ ಸೀಟಿಯನ್ನು ಬಾಯಿಗಿಟ್ಟು, ಊದಲು ಏನೂ ಇಲ್ಲವೆಂದು ನೆನಪಾಗಿ ತೆಗೆದ. ಜನ ಚದುರಿದರು. ಅಪ್ಪ ಇನ್ನೂ ಗಾಡಿಯ ಮೇಲೇ ಕೂತಿದ್ದ. ಮುಂದೆ ಎಷ್ಟು ಹಾಕಿದ್ದೀಯ ಎಂದು ಕೇಳಿದ. ಹದಿಮೂರು ಎಂದೆ. ಕಳ್ಳಿ ಎಂದ. ನೀನು ಎಂದೆ. ಒಂದು ಮಾತು ಕೇಳಬಹುದಿತ್ತಲ್ಲ ಎಂದು ಇಬ್ಬರೂ ಒಟ್ಟಿಗೇ ಹೇಳಿದೆವು. ಆಮೇಲೆ ಅವನು ಎಡಗಾಲನ್ನು ತೋರಿಸಿ, ಮಂಡಿ ಹಿಡಿದುಕೊಂಡಿದೆ, ಇಳಿಸು ಎಂದ.

ನಾನು ಅವನ ಕಂಕುಳಿಗೆ ಹೆಗಲು ಕೊಟ್ಟೆ. ಪೂರ್ತಿ ಭಾರ ಹಾಕಪ್ಪಾ, ತಡೆದುಕೊಳ್ಳುತ್ತೇನೆ ಎಂದೆ. ಹಾಕಿದೀನಲ್ಲ ಎಂದ. ಹಾಕಿದ್ದ. ಅವನ ಭಾರ ಅಷ್ಟೇ ಇತ್ತು. ಹಲ್ಲು ಆರಿಸುವಾಗ ಸವಾರನ ತೂಕ ನೋಡಬೇಕು, ಸವಾರ ಹಗುರವಾದಷ್ಟೂ ಎಳೆತ ಕಡಿಮೆ ಸಾಕು, ಇಲ್ಲದಿದ್ದರೆ ಚಕ್ರ ಜಾರುತ್ತದೆ. ಅದು ಈ ಕಸುಬಿನ ಮೊದಲನೇ ಪಾಠ. ನಾನು ಲೆಕ್ಕ ಹಾಕಿದ್ದು, ಚಿಕ್ಕವಳಿದ್ದಾಗ ನನ್ನನ್ನು ಒಂದು ತೋಳಿನಲ್ಲಿ, ಎಂಜಿನ್ನನ್ನು ಇನ್ನೊಂದು ತೋಳಿನಲ್ಲಿ ಎತ್ತಿಕೊಂಡು ಓಡಾಡುತ್ತಿದ್ದ ಮನುಷ್ಯನ ತೂಕಕ್ಕೆ. ಅವನನ್ನು ಹಿಡಿದುಕೊಂಡೇ ಗಾಡಿಯಿಂದ ಇಳಿಸಿದೆ. ಕಾಲು ನೆಲಕ್ಕೆ ತಾಗಿದ ಮೇಲೂ ಇಬ್ಬರೂ ಕೈ ಬಿಡಲಿಲ್ಲ.